ಎದೆಪಟ್ಟಿ

ಬಿ.ಎಂ. ರಸ್ತೆಯ ಸೈಕಲ್ ಅಂಗಡಿಯಲ್ಲಿ
ಗಾಜಿನ ಕೆಳಗೆ ಮೂರು ಮೀಟರು ಮಲಗಿದ್ದವು,
ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಕರಿ ಮುಖಗಳು.
ಒಂದಕ್ಕೆ ನಕ್ಷೆ ಗೊತ್ತು. ಇನ್ನೊಂದಕ್ಕೆ ಬಣ್ಣ ಗೊತ್ತು.
ಮೂರನೆಯದಕ್ಕೆ ವೇಗ, ದೂರ, ಏರು, ಗುಂಡಿಗೆ, ಇಷ್ಟೇ.

"ನಕ್ಷೆ ಇರೋದು ತಗೊಳ್ಳಿ ಮೇಡಂ, ದಾರಿ ತಪ್ಪಲ್ಲ"
ಎಂದ ಇರ್ಷಾದ್.
ದಾರಿ ತಪ್ಪುವಷ್ಟು ದೂರ ಹೋದವಳೇ ಅಲ್ಲ ನಾನು.
ಭಾನುವಾರ ಸೀಗೆಗುಡ್ಡ, ಮಿಕ್ಕ ದಿನ ಆಸ್ಪತ್ರೆ.
ಎರಡಕ್ಕೂ ಸೈಕಲ್ಲಿಗೇ ದಾರಿ ಗೊತ್ತು,
ಸಂಜೆ ಕೊಟ್ಟಿಗೆಗೆ ಬರುವ ದನದ ಹಾಗೆ.

ಗುಂಡಿಗೆಯದು ಸಾಕು ಎಂದೆ.

ಗಡಿಯಾರದಂಥದ್ದೊಂದು ತೆಗೆದ.
ಮಣಿಕಟ್ಟಿಗೆ ಹಸಿರು ಬೆಳಕು ಬಿಟ್ಟು
ಚರ್ಮದಡಿಯ ರಕ್ತ ಎಣಿಸುತ್ತದಂತೆ.
ಗುಂಡಿ ರಸ್ತೆಯಲ್ಲಿ ಕೈ ಅದುರಿದರೆ ಲೆಕ್ಕ ತಪ್ಪಲ್ವಾ ಅಂದೆ.
ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.
"ಆ ಪಟ್ಟಿ?"
"ಅದಾ ಮೇಡಂ... ಅದನ್ನ... ಒಳಗೆ..."
ಗಾಳಿಯಲ್ಲಿ ಒಂದು ಸುತ್ತು ಬರೆದು
ಕಿವಿ ಕೆಂಪು ಮಾಡಿಕೊಂಡ.

ಮಗಾ, ಇಪ್ಪತ್ತಮೂರು ವರ್ಷದಿಂದ ನಾನು
ಇಸಿಜಿ ಕೋಣೆಯವಳು.
ದಿನಕ್ಕೆ ನಲವತ್ತು ಎದೆ.
ಬೀಡಿ ನಾರುವ ಎದೆ, ತಾಳಿ ತೆಗೆಯಲೊಲ್ಲದ ಎದೆ,
ಹಾಲು ಸೋರುವ ಬಾಣಂತಿ ಎದೆ,
ಆಲೂಗಡ್ಡೆ ಮೂಟೆ ಹೊತ್ತೂ ಹೊತ್ತೂ ಹಲಗೆಯಾದ ಎದೆ.
ಜೆಲ್ಲು ಬಳಿದು ರಬ್ಬರು ಬಟ್ಟಲು ಒತ್ತಿ
"ಮಾತಾಡಬೇಡಿ" ಅಂದವಳು.
ಎದೆ ಅನ್ನುವ ಪದಕ್ಕೆ ನನ್ನೆದುರು ನಾಚಬೇಡ.

ಇಷ್ಟೆಲ್ಲ ಹೇಳಲಿಲ್ಲ. "ತೋರಿಸಪ್ಪ" ಅಂದೆ.

ಪಟ್ಟಿಗೆ ನೀರು ಸವರಿದ, ಒಣಗಿದ್ದರೆ ಓದಲ್ವಂತೆ.
ಬೆನ್ನು ತಿರುಗಿಸಿ ಅಂಗಿಯೊಳಗೆ ತಾನೇ ಬಿಗಿದುಕೊಂಡ.
ಮೀಟರು ನನ್ನ ಕೈಲಿ.
ಮೊದಲು ಎರಡು ಗೀಟು. ಸೊನ್ನೆಯಲ್ಲ, ಗೀಟು.
ನಮ್ಮ ಮಿಷನ್ನು ವೈರು ಕಳಚಿದರೂ
ನೇರ ಗೆರೆ ಎಳೆದು ಹೆದರಿಸುತ್ತದೆ;
ಇದಕ್ಕೆ ಮರ್ಯಾದೆ ಜಾಸ್ತಿ.
ಆಮೇಲೆ ಎಂಬತ್ತನಾಲ್ಕು.

"ಕಡೇ ರೇಟು?"
"ಹನ್ನೊಂದೂವರೆ ಸಾವಿರ ಮೇಡಂ. ನಮಗೇನೂ ಉಳಿಯಲ್ಲ."
ತೊಂಬತ್ತೇಳು.
"ಒಂಬತ್ತು ಮಾಡ್ಕೋ."
"ಆಣೆ ಮಾಡ್ತೀನಿ, ಅಸಲೇ ಹುಟ್ಟಲ್ಲ."
ನೂರಾ ಎಂಟು.
ಪರದೆಯನ್ನು ಅವನ ಕಡೆ ತಿರುಗಿಸಿದೆ.
ನೋಡಿದ. ನೂರಾ ಹತ್ತೊಂಬತ್ತಾಯಿತು.
ಒಂಬತ್ತೂಮುಕ್ಕಾಲಿಗೆ ಮುಗಿಸಿದೆವು,
ಟೀ ಅವನೇ ತರಿಸಿದ.

ಮನೆಯಲ್ಲಿ ಅದು ವಯಸ್ಸು ಕೇಳಿತು, ತೂಕ ಕೇಳಿತು.
ಇನ್ನೂರ ಇಪ್ಪತ್ತರಲ್ಲಿ ಐವತ್ತೊಂದು ಕಳೆದು
ನೂರಾ ಅರವತ್ತೊಂಬತ್ತು ನಿನ್ನ ಮಿತಿ ಎಂದಿತು.
ಎಷ್ಟು ಜನರ ಮಿತಿ ನೋಡಿದ್ದೀನಿ, ಯಾರದೂ
ಕಳೆಯುವ ಲೆಕ್ಕಕ್ಕೆ ಸಿಕ್ಕಿದ್ದಿಲ್ಲ.
ತೂಕದಲ್ಲಿ ನಾಲ್ಕು ಕಿಲೋ ಸುಳ್ಳು ಹೇಳಿದೆ.
ಪರದೆ ತಿರುಗಿಸಿ ತೋರಿಸುವವರು ಯಾರೂ ಇರಲಿಲ್ಲ.

ಭಾನುವಾರ, ಐದೂಮುಕ್ಕಾಲು.
ನಮ್ಮಲ್ಲಿ ಜನಿವಾರವಿಲ್ಲ, ಶಿವದಾರವಿಲ್ಲ.
ತಾಳಿಸರ ಬಿಚ್ಚಿಟ್ಟು ಹನ್ನೆರಡು ವರ್ಷ.
ಎದೆಗೆ ಮತ್ತೆ ಬಿದ್ದದ್ದು ಇದೊಂದು,
ಕಟ್ಟಿಕೊಂಡವಳು ನಾನೇ.
ನೀರು ತಣ್ಣಗೆ ತಾಗಿ ಜೀವ ಜುಂ ಎಂದಿತು.
ಅಯ್ಯೋ, ಜೆಲ್ಲು ಹಚ್ಚಿದಾಗ ಎಲ್ಲರೂ ಹೀಗೇ ಬೆಚ್ಚುತ್ತಿದ್ದರು;
ಅಲ್ಲಾಡಬೇಡಿ ಎಂದು ಗದರುತ್ತಿದ್ದೆ.

ಗುಡ್ಡದ ಬುಡದಲ್ಲಿ ನೂರಾ ಮೂವತ್ತು.
ರಾಗಿ ಹೊಲದ ತಿರುವಿನಲ್ಲಿ ನೂರಾ ನಲವತ್ತೆಂಟು.
ನಾಯಿಯೊಂದು ಅಟ್ಟಿಸಿಕೊಂಡು ಬಂದಾಗ ಅರವತ್ತೊಂದು,
ಅದರದೆಷ್ಟಿತ್ತೋ.
ಮಿತಿಯ ಮೇಲೆ ಎರಡಾದಾಗ ಮೀಟರು ಕಿರುಚಿತು.
ಕಾಲೂರಿ ನಿಂತೆ.

ಮಂಚದಿಂದ ಏಳುತ್ತ, ಗುಂಡಿ ಹಾಕುತ್ತ
ಎಲ್ಲರೂ ಕೇಳುವುದೊಂದೇ: "ಹೆಂಗದೆ ಸಿಸ್ಟರ್, ನನ್ದು?"
ಕಾಗದದಲ್ಲಿ ಕಂಡರೂ ನಾನು ಹೇಳುವಂತಿಲ್ಲ.

ಸುತ್ತ ಯಾರೂ ಇಲ್ಲ. ಏದುಸಿರಲ್ಲೇ ಕೇಳಿಬಿಟ್ಟೆ:
ಹೆಂಗದೆ ಸಿಸ್ಟರ್, ನನ್ದು?
"ಡಾಕ್ಟ್ರು ಹೇಳ್ತಾರೆ, ಹೊರಗೆ ಕೂತಿರಿ"
ಅಂದೆ. ನಗು ಬಂತು.
ನಕ್ಕದ್ದಕ್ಕೆ ಎರಡು ಬಡಿತ ಜಾಸ್ತಿ ತೋರಿಸಿತು,
ಬರೆದೂ ಇಟ್ಟುಕೊಂಡಿತು.